ಹೊನ್ನಿಗೆ ಎರಡು ಗೆರೆ ಇನ್ಸುಲಿನ್

ದೇವದುರ್ಗ
12-4-1984

ಮಗಳು ಶೇಖಮ್ಮಳಿಗೆ ಅಪ್ಪ ವೆಂಕೋಬ ಬರೆಯುವುದು.

ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಇದರಲ್ಲಿ ನನ್ನ ಸುದ್ದಿ ಏನೂ ಇಲ್ಲ, ಹೊನ್ನಿಯ ಸುದ್ದಿ ಇದೆ. ನೀನು ನರ್ಸ್ ಟ್ರೇನಿಂಗಿಗೆಂದು ರಾಯಚೂರಿಗೆ ಹೋದ ವರ್ಷ, ಮನೆ ಬಿಕೋ ಎನ್ನುತ್ತದೆಂದು ನಿಮ್ಮವ್ವ ತಂದುಕೊಂಡ ಹಳದಿ ಮರಿ. ಅದೀಗ ಹತ್ತು ವರ್ಷದ ಮುದುಕಿ.

ಮೂರು ತಿಂಗಳಿಂದ ಅದು ನೀರು ಕುಡಿಯುವುದನ್ನು ನೋಡಿದರೆ ಹೆದರಿಕೆಯಾಗುತ್ತದೆ. ಕೊಡ, ಬಕೀಟು, ಬಚ್ಚಲ ಕಲ್ಲಿನ ಕುಣಿ, ಎಲ್ಲಿ ತೇವ ಕಂಡರೂ ಬಾಯಿ ಹಾಕುತ್ತದೆ. ಉಣ್ಣುವುದರಲ್ಲಿ ಕಡಿಮೆಯಿಲ್ಲ, ಆದರೆ ಎತ್ತಿಕೊಂಡರೆ ಬರೀ ಎಲುಬು. ಮೊನ್ನೆ ಬಚ್ಚಲ ಮೂಲೆಯಲ್ಲಿ ಅದು ಉಚ್ಚೆ ಹೊಯ್ದ ಜಾಗಕ್ಕೆ ಕೆಂಪಿರುವೆ ಮುತ್ತಿದ್ದವು. ನಾನು ಕಸಬರಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆ ಇರುವೆಗಳನ್ನು ನಿಮ್ಮವ್ವನ ಕಾಲಕ್ಕೆ ನೋಡಿದ್ದೆನಲ್ಲ.

ಟ್ರಂಕಿನಿಂದ ಗಾಜಿನ ನಳಿಗೆ, ಸ್ಪಿರಿಟ್ ದೀಪ, ನೀಲಿ ಔಷಧದ ಬಾಟಲಿ ಹೊರಗೆ ತೆಗೆದೆ. ಬೆಕ್ಕಿನ ಉಚ್ಚೆ ಹಿಡಿಯುವುದು ಹೇಗೆಂದು ಕೇಳಬೇಡ. ತಗಡಿನ ತಟ್ಟೆಯಲ್ಲಿ ಮಣ್ಣಿನ ಬದಲು ತೊಳೆದ ಗರಸು ಹರಳು ಹಾಕಿಟ್ಟೆ, ತಳಕ್ಕೆ ಇಳಿದದ್ದನ್ನು ಬಸಿದುಕೊಂಡೆ. ಎಂಟು ಹನಿ ಹಾಕಿ ಕುದಿಸಿದರೆ ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ, ಕೊನೆಗೆ ಇಟ್ಟಂಗಿ ಕೆಂಪು. ತುಂಬ ಸಕ್ಕರೆ, ನಿಮ್ಮವ್ವನದರಂತೆಯೇ.

ನಿಮ್ಮವ್ವನ ಗಾಜಿನ ಸಿರಿಂಜು ಮನೆಯಲ್ಲಿದೆ. ಇನ್ಸುಲಿನ್ ಇಲ್ಲ, ಈ ಊರಲ್ಲಿ ಸಿಗುವುದೂ ಇಲ್ಲ. ರಾಯಚೂರಿನಿಂದ ಒಂದು ಬಾಟಲಿ ಕಳಿಸುವೆಯಾ? ಬೆಕ್ಕಿಗೆ ಎಷ್ಟು ಕೊಡಬೇಕೆಂದು ನಿಮ್ಮ ಡಾಕ್ಟರನ್ನು ಕೇಳಿ ಬರೆ.

ನಿಮ್ಮವ್ವ ತೀರಿದ ಮೂರನೇ ದಿನ, ಎಲ್ಲರ ಮುಂದೆ, ನೀನು ನನಗೆ ಹೇಳಿದ ಮಾತನ್ನು ಮರೆತು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ.

ನಿನ್ನ ಅಪ್ಪ
ವೆಂಕೋಬ


ರಾಯಚೂರು
20-4-1984

ವೆಂಕೋಬ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ಎರಡು ಸಲ ಓದಿದೆ, ತಲೆ ಕೆಟ್ಟಿತು.

ಅವ್ವ ಇದ್ದಾಗ ವಾರಕ್ಕೆ ಎಷ್ಟು ಸಲ ಸೂಜಿ ತಪ್ಪಿಸುತ್ತಿದ್ದಿರಿ? ಕೇಳಿದರೆ "ಅಳ್ತಾಳವ್ವಾ, ಅಳೋದು ನೋಡಿ ಹ್ಯಾಂಗ ಚುಚ್ಚಲಿ" ಎನ್ನುತ್ತಿದ್ದಿರಿ. ಆಕೆ ಸತ್ತ ದಿನ, ಎಂಬತ್ತೊಂದರ ಆಗಸ್ಟ್ ಹದಿನೈದು, ನಾನು ಊರಲ್ಲಿದ್ದೆ. ಬೆಳಗ್ಗೆ ನನ್ನ ಕೈಯಾರೆ ಸೂಜಿ ಕೊಟ್ಟು ಮೊದಲ ಬಸ್ಸು ಹತ್ತಿದೆ. ರಾತ್ರಿ ಸುದ್ದಿ ಬಂತು. ನೀವು ತಿಂಗಳುಗಟ್ಟಲೆ ಮಾಡಿದ ತಪ್ಪನ್ನು ನನಗೆ ಒಂದು ಬೆಳಗಿನ ಔಷಧದಿಂದ ತೊಳೆಯಲು ಆಗಲಿಲ್ಲ. ಸಕ್ಕರೆ ಏರಿ ಸತ್ತಳು. ನೀವು ಸಾಯಿಸಿದಿರಿ ಎಂದು ಆವತ್ತು ಹೇಳಿದೆ, ಇವತ್ತೂ ಅದನ್ನೇ ಹೇಳುತ್ತೇನೆ.

ಹೆಂಡತಿಗೆ ನಡುಗಿದ ಕೈ ಬೆಕ್ಕಿಗೆ ನಡುಗುವುದಿಲ್ಲವೇ? ನಮ್ಮ ವಾರ್ಡಿನಲ್ಲಿ ಮನುಷ್ಯರಿಗೇ ಇನ್ಸುಲಿನ್ ಸಾಲುವುದಿಲ್ಲ. ನನ್ನಿಂದ ಆಗದು.

ಶೇಖಮ್ಮ


ದೇವದುರ್ಗ
2-5-1984

ಮಗಳು ಶೇಖಮ್ಮಳಿಗೆ,

ಕಾಗದದಲ್ಲಿ "ನೀವು" ಎಂದು ಓದಿ ಹಿಂದಕ್ಕೆ ತಿರುಗಿ ನೋಡಿದೆ, ನನ್ನ ಬೆನ್ನ ಹಿಂದೆ ಹೆಡ್‌ಮಾಸ್ತರರು ಬಂದು ನಿಂತಿದ್ದಾರೇನೋ ಎಂದು. ಶಾಲೆಯ ಗಂಟೆ ಹೊಡೆಯುವ ಜವಾನನಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಹೌದು, ತಪ್ಪಿಸಿದ್ದೇನೆ. ವಾರಕ್ಕೆ ಒಂದು ಸಲ, ಕೆಲವು ವಾರ ಎರಡು ಸಲ. ತೊಡೆಯೆಲ್ಲ ಗಂಟು ಕಟ್ಟಿತ್ತು. ಚುಚ್ಚುವ ಜಾಗ ಹುಡುಕುವಾಗ ಆಕೆ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ನಾನು ಹೇಡಿ. ಅದನ್ನು ನೀನು ಬರೆಯುವ ಮೊದಲೇ ಬಲ್ಲೆ.

ಹೊನ್ನಿಯನ್ನು ಚೀಲದಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋಗಿದ್ದೆ. ಕಂಪೌಂಡರ್ ಅಯ್ಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಮ್ಮಿಗೇ ಔಷಧ ಇಲ್ಲ ವೆಂಕೋಬಣ್ಣ, ಬೆಕ್ಕಿಗಿ ಎಲ್ಲಿಂದ ತರ್ಲಿ? ಅದ ಚೀಲದಾಗ ಒಯ್ದು ಹಳ್ಳದ ಆ ಕಡಿ ಬಿಟ್ಟು ಬಾ" ಎಂದ. ಅವನಿಗೆ ಅದು ತಮಾಷೆ. ನಾನು ಚೀಲ ಎತ್ತಿಕೊಂಡು ಬಂದೆ. ಈಗ ಅದು ಹಿಂದಿನ ಪಂಜದ ಮೇಲೆ ನಿಲ್ಲುವುದಿಲ್ಲ, ಕಾಲನ್ನು ಕೀಲಿನವರೆಗೆ ನೆಲಕ್ಕೆ ಊರಿ ತೆವಳುತ್ತದೆ. ಕಟ್ಟೆ ಹತ್ತಲು ನೋಡುತ್ತದೆ, ಆಗದಿದ್ದಾಗ ನನ್ನ ಮುಖ ನೋಡುತ್ತದೆ.

ಕಳಿಸು ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತೇನೆ. ಈ ಮನೆಯಲ್ಲಿ ನಿಮ್ಮವ್ವನದು ಎಂದು ಉಸಿರಾಡುವುದು ಇದೊಂದೇ. ಇದೂ ಹೋದರೆ ನೀನು ದೇವದುರ್ಗದ ಬಸ್ಸು ಹತ್ತಲು ಒಂದು ಕಾರಣವೂ ಉಳಿಯುವುದಿಲ್ಲ. ನನಗೆ ಬೆಕ್ಕಿನ ಮೇಲೆ ಪ್ರೀತಿ ಇದೆ, ಸುಳ್ಳಲ್ಲ. ಆದರೆ ನಿಜ ಹೇಳಬೇಕೆಂದರೆ ನೀನು ಬರುವವರೆಗೆ ಅದನ್ನು ಉಳಿಸಿಕೊಳ್ಳಬೇಕಾಗಿದೆ.

ಕಚ್ಚಿದರೂ ಪರಚಿದರೂ ಒಂದು ದಿನವೂ ತಪ್ಪಿಸುವುದಿಲ್ಲ.

ನಿನ್ನ ಅಪ್ಪ
ವೆಂಕೋಬ


ರಾಯಚೂರು
11-5-1984

ವೆಂಕೋಬ ಅವರಿಗೆ,

ಮಧ್ಯಾಹ್ನದ ಬಸ್ಸಿನ ಡ್ರೈವರ್ ಮಹಮ್ಮದ್ ಹುಸೇನರ ಕೈಯಲ್ಲಿ ಈ ಕಾಗದದ ಜೊತೆ ಥರ್ಮಾಸ್ ಕಳಿಸಿದ್ದೇನೆ. ಒಳಗೆ ಬರ್ಫಿನ ಗಡ್ಡೆಗಳ ನಡುವೆ ಬಾಟಲಿ ಇದೆ. ಈ ಸಲ ಅವರೇ ಮನೆಗೆ ಮುಟ್ಟಿಸುತ್ತಾರೆ, ಮುಂದಿನ ಸಲದಿಂದ ನಿಲ್ದಾಣಕ್ಕೆ ನೀವೇ ಹೋಗಿ ಇಳಿಸಿಕೊಳ್ಳಿ. ಈ ಬಿಸಿಲಿಗೆ ಒಂದು ತಾಸು ಹೊರಗಿದ್ದರೂ ಔಷಧ ನೀರಾಗುತ್ತದೆ. ಅವ್ವನದನ್ನು ಇಡುತ್ತಿದ್ದಂತೆಯೇ ಮಡಕೆಯಲ್ಲಿ ಹಸಿ ಮರಳು ತುಂಬಿ ಅದರೊಳಗೆ ಇಡಿ.

ನಮ್ಮ ಡಾಕ್ಟರು ಮೊದಲು ನಕ್ಕರು, ಆಮೇಲೆ ಬೆಕ್ಕಿನ ತೂಕ ಕೇಳಿ ಲೆಕ್ಕ ಹಾಕಿಕೊಟ್ಟರು. ಸಿರಿಂಜಿನ ಮೇಲಿನ ಗೆರೆಯ ಲೆಕ್ಕದಲ್ಲಿ ಬೆಳಗ್ಗೆ ಎರಡು ಗೆರೆ, ಸಂಜೆ ಎರಡು ಗೆರೆ. ಬಾಟಲಿ ಅಲುಗಿಸಬೇಡಿ, ಅಂಗೈಗಳ ನಡುವೆ ಹೊರಳಿಸಿ. ಸಿರಿಂಜು ಪ್ರತಿ ಸಲ ಕುದಿಸಿ. ಹೆಗಲ ಹಿಂದಿನ ಸಡಿಲ ಚರ್ಮ ಎತ್ತಿ ಹಿಡಿದು ಚುಚ್ಚಿ. ಊಟಕ್ಕೆ ಮಾಂಸ ಇರಲಿ, ರೊಟ್ಟಿ ಹಾಲು ಬೇಡ. ಮೊದಲು ಊಟ, ಆಮೇಲೆ ಸೂಜಿ. ಒಂದು ಹೊತ್ತೂ ತಪ್ಪಿಸಬೇಡಿ.

ಇದು ಅವ್ವನ ಬೆಕ್ಕೆಂದು ಕಳಿಸಿದ್ದು.

ಶೇಖಮ್ಮ


ದೇವದುರ್ಗ
17-6-1984

ಮಗಳು ಶೇಖಮ್ಮಳಿಗೆ,

ಹಸಿರು! ಇವತ್ತು ಬೆಳಗ್ಗೆ ಕುದಿಸಿದರೆ ಹಸಿರಿಗೇ ನಿಂತಿತು. ನಳಿಗೆ ಹಿಡಿದುಕೊಂಡು ಬೀದಿಗೆ ಓಡಿ ಪಕ್ಕದ ಮನೆಯ ಮುನ್ನೀ ಬೀಗೆ ತೋರಿಸಿದೆ. ಬೆಕ್ಕಿನ ಉಚ್ಚೆಯನ್ನು ಹೀಗೆ ಮೆರವಣಿಗೆ ಮಾಡಿದ ಮೊದಲ ಮನುಷ್ಯ ನಾನೇ ಇರಬೇಕು.

ಮೊದಲ ದಿನದ ಕಥೆ ಕೇಳು. ಮುನ್ನೀ ಬೀ ಹೊನ್ನಿಯನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಿದ್ದಳು. ನಾನು ಸಿರಿಂಜು ಎತ್ತಿ ಕಣ್ಣು ಮುಚ್ಚಿಕೊಂಡೆ. "ಯಾ ಅಲ್ಲಾ, ಸೂಜಿ ಯಾರಿಗಿ ಭಾಯಿ, ಬೆಕ್ಕಿಗೋ ನಿಮಗೋ? ಕಣ್ಣ ಮುಚ್ಚಿ ಚುಚ್ಚಬ್ಯಾಡ್ರಿ, ನನ್ನ ಕೈ ಅದ ಇಲ್ಲಿ!" ಎಂದು ಕೂಗಿದಳು. ಮೂರು ಸಲ ಅವಳ ಟವೆಲ್ಲಿಗೇ ಔಷಧ ಕೊಟ್ಟೆ. ಈಗ ಹೊನ್ನಿ ತಾನೇ ಬಂದು ಮಡಕೆಯ ಹತ್ತಿರ ಕೂಡುತ್ತದೆ. ಚುಚ್ಚಿದಾಗ ಒಂದು ಕಿವಿ ಅಲುಗಿಸುತ್ತದೆ, ಅಷ್ಟೇ. ಮುನ್ನೀ ಬೀಯ ಗಂಡ ಅಮೀರ್ ಸಾಬ್ ತನ್ನ ಮಾಂಸದ ಅಂಗಡಿಯಿಂದ ದಿನಾ ಮುತ್ತಲ ಎಲೆಯಲ್ಲಿ ಇಷ್ಟು ಕುರಿಯ ಕಾರಜಿ ಕಟ್ಟಿಕೊಡುತ್ತಾನೆ.

ಮಾಸ್ತರರೆಲ್ಲ ನನಗೆ ಬೆಕ್ಕಿನ ಡಾಕ್ಟರು ಎಂದು ಹೆಸರಿಟ್ಟಿದ್ದಾರೆ. ಇಡಲಿ. ಮೂವತ್ತೇಳು ದಿನ, ಒಂದು ಹೊತ್ತೂ ತಪ್ಪಿಲ್ಲ. ಚುಚ್ಚುವಾಗೊಮ್ಮೆ ನಿಮ್ಮವ್ವ ನೆನಪಾಗುತ್ತಾಳೆ. ಹೀಗೆ ಮೂವತ್ತೇಳು ದಿನ ಆಕೆಗೆ ಕೊಟ್ಟಿದ್ದರೆ ಎಂದು ಅನ್ನಿಸುತ್ತದೆ. ಅನ್ನಿಸಿ ಏನು ಬಂತು.

ನಿನ್ನ ಅಪ್ಪ
ವೆಂಕೋಬ


ಮಾನ್ವಿ
3-7-1984

ಅಪ್ಪನಿಗೆ,

ಕಣ್ಣಿನ ಕ್ಯಾಂಪಿನ ಡ್ಯೂಟಿಗೆ ಮಾನ್ವಿಗೆ ಬಂದು ಹತ್ತು ದಿನವಾಯಿತು. ನಿಮ್ಮ ಕಾಗದ ರಾಯಚೂರಿನಿಂದ ಇಲ್ಲಿಗೆ ಬಂತು. ಟವೆಲ್ಲಿನ ಕಥೆ ಓದಿ ನಗು ತಡೆಯಲು ಆಗಲಿಲ್ಲ, ಜೊತೆಯವರು ಏನು ಎಂದು ಕೇಳಿದರು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ಕಲ್ಲೂರಿನಿಂದ ತಿಮ್ಮವ್ವ ಚಿಕ್ಕಮ್ಮ ಕಣ್ಣು ತೋರಿಸಲು ಬಂದಿದ್ದಳು. "ನಿಮ್ಮಪ್ಪ ಒಬ್ಬನ ರೊಟ್ಟಿ ಬಡಕೊಂಡು ತಿಂತಾನಂತಲ್ಲ ಬೇ, ನೀ ಎಷ್ಟು ವರ್ಷ ಸಿಟ್ಟು ಹಿಡೀತಿ?" ಎಂದಳು. ನಾನು ಅವಳ ಇನ್ನೊಂದು ಕಣ್ಣಿಗೂ ಹನಿ ಹಾಕಿದೆ.

ಹಸಿರು ಬಂದದ್ದು ಒಳ್ಳೆಯದು, ಆದರೆ ಒಂದು ಮಾತು ಮೊದಲೇ ಬರೆಯಬೇಕಿತ್ತು. ಸಕ್ಕರೆ ಏರುವುದಷ್ಟೇ ಅಲ್ಲ, ಇಳಿಯುವುದೂ ಉಂಟು. ಸೂಜಿ ಬಿದ್ದು ಹೊಟ್ಟೆಗೆ ಬೀಳದಿದ್ದರೆ ಇಳಿಯುತ್ತದೆ, ಏರುವುದಕ್ಕಿಂತ ಬೇಗ ಕೊಲ್ಲುತ್ತದೆ. ಬೆಕ್ಕು ನಡುಗಿದರೆ, ಜೊಲ್ಲು ಸುರಿಸಿದರೆ, ತೂರಾಡಿ ಬಿದ್ದರೆ, ಕೂಡಲೇ ಬೆಲ್ಲ ನೀರಲ್ಲಿ ಕಲಸಿ ಒಸಡಿಗೆ ತಿಕ್ಕಿ.

ಶ್ರಾವಣ ಮುಗಿದ ಮೇಲೆ ಎರಡು ದಿನ ರಜೆ ಕೇಳುತ್ತೇನೆ. ಸಿಕ್ಕರೆ ಬಂದು ಹೊನ್ನಿಯನ್ನು ನೋಡುತ್ತೇನೆ.

ಶೇಖಮ್ಮ


ದೇವದುರ್ಗ
5-8-1984

ಮಗಳು ಶೇಖಮ್ಮಳಿಗೆ,

ನಿನ್ನೆ ಹೊನ್ನಿ ಸಾಯುವುದು ತಪ್ಪಿತು. ತಪ್ಪು ನನ್ನದೇ.

ನಿನ್ನೆ ಶ್ರಾವಣದ ಶನಿವಾರ. ನಿಮ್ಮವ್ವ ಆ ದಿನ ಮನೆಯ ಹೊಸ್ತಿಲೊಳಗೆ ಮಾಂಸ ಬಿಡುತ್ತಿರಲಿಲ್ಲ. ನನಗೂ ಮನಸ್ಸು ಬರಲಿಲ್ಲ, ಕಾರಜಿಯ ಬದಲು ಹಾಲಿನಲ್ಲಿ ರೊಟ್ಟಿ ಹಿಚುಕಿ ಇಟ್ಟೆ. ಹೊನ್ನಿ ಮೂಸಿ ನೋಡಿ ಹೋಯಿತು. ಹಸಿದರೆ ತಾನೇ ತಿನ್ನುತ್ತದೆ, ಸೂಜಿ ಮಾತ್ರ ತಪ್ಪಬಾರದು ಎಂದು ಎರಡು ಗೆರೆ ಕೊಟ್ಟು ಶಾಲೆಗೆ ಹೋದೆ. ಮಧ್ಯಾಹ್ನ ಬಂದಾಗ ಮಂಚದ ಕೆಳಗೆ ಕುತ್ತಿಗೆ ತಿರುಚಿಕೊಂಡು ಬಿದ್ದಿತ್ತು. ಬಾಯಲ್ಲಿ ಜೊಲ್ಲು, ನಾಲ್ಕೂ ಕಾಲು ನಡುಗುತ್ತಿದ್ದವು. ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ.

ನಿನ್ನ ಕಾಗದ ನೆನಪಾಯಿತು. ಬೆಲ್ಲ ಕಲಸಿ ಒಸಡಿಗೆ ತಿಕ್ಕಿದೆ. ನನ್ನ ಬೆರಳು ಕಚ್ಚಿತು, ಬಿಡಲಿಲ್ಲ. ಅರ್ಧ ತಾಸಿಗೆ ತಲೆ ಎತ್ತಿತು. ಇನ್ನಷ್ಟು ಹೊತ್ತಿಗೆ ಎದ್ದು ಕೂತು ನನ್ನ ಕೈಯಲ್ಲಿನ ಬೆಲ್ಲದ ನೀರು ನೆಕ್ಕಿತು.

ಬೆಕ್ಕು ಎದ್ದಿತು, ನಾನು ಏಳಲಿಲ್ಲ. ಬೆಲ್ಲದ ಡಬ್ಬಿ ಹಿಡಿದುಕೊಂಡು ಅಲ್ಲೇ ಕೂತೆ. ಮೂರು ವರ್ಷದಿಂದ ಯಾರಿಗೂ ಹೇಳದ ಮಾತು ಈಗ ಬರೆಯುತ್ತೇನೆ.

ಆ ಹದಿನೈದನೇ ಆಗಸ್ಟ್ ಶಾಲೆಯಲ್ಲಿ ಧ್ವಜ ಏರಿಸಿ, ಹುಡುಗರಿಗೆ ಪೆಪ್ಪರಮೆಂಟು ಹಂಚಿ, ಮಧ್ಯಾಹ್ನ ಮನೆಗೆ ಬಂದೆ. ನಿಮ್ಮವ್ವ ಮಂಚದ ಮೇಲಿದ್ದಳು. ಸೀರೆ ಹಿಂಡಿದರೆ ನೀರು ಬರುವಷ್ಟು ಬೆವರು. ಕೈ ನಡುಗುತ್ತಿತ್ತು. "ಒಂದು ಚೂರು ಬೆಲ್ಲ ಕೊಡು, ಬಾಯಾಗ ಇಟ್ಕೋತೀನಿ" ಎಂದಳು. "ಸಕ್ಕರಿ ರೋಗದಾಕಿಗಿ ಬೆಲ್ಲ ಕೊಟ್ಟು ಸಾಯಿಸ್ಲೇನು? ಮಗಳು ನನ್ನ ಚರ್ಮ ಸುಲೀತಾಳ" ಎಂದು ಗದರಿಸಿ ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟೆ. ಮತ್ತೆ ಕೇಳಿದಳು. ಮತ್ತೆ ಬೈದೆ. ನನ್ನ ಅಂಗಿಯ ಜೇಬಿನಲ್ಲಿ ಉಳಿದ ಪೆಪ್ಪರಮೆಂಟು ಇದ್ದವು. ಆಕೆಗೆ ಕಾಣಬಾರದೆಂದು ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಆಮೇಲೆ ಏನೇನೋ ಬಡಬಡಿಸಿದಳು, ಆಮೇಲೆ ಸುಮ್ಮನಾದಳು. ನಿದ್ದೆ ಹತ್ತಿತು ಎಂದುಕೊಂಡೆ. ಎಬ್ಬಿಸಿದರೆ ಏಳಲಿಲ್ಲ. ಜೀಪು ಸಿಕ್ಕಿ ರಾಯಚೂರಿನ ಆಸ್ಪತ್ರೆಗೆ ಹೊರಟಾಗ ಸಂಜೆಯಾಗಿತ್ತು, ಗಬ್ಬೂರು ದಾಟುವ ಮೊದಲೇ ಉಸಿರು ನಿಂತಿತು.

ನೀನು ನರ್ಸ್. ನನಗೆ ಸಮಾಧಾನ ಬೇಡ. ಆವತ್ತು ನಾನು ಬೆಲ್ಲ ಕೊಟ್ಟಿದ್ದರೆ ಆಕೆ ಏಳುತ್ತಿದ್ದಳೇ? ಹೌದು, ಇಲ್ಲ, ಎರಡರಲ್ಲಿ ಒಂದು ಬರೆ.

ನಿನ್ನ ಅಪ್ಪ
ವೆಂಕೋಬ


ದೇವದುರ್ಗ
22-8-1984

ಮಗಳಿಗೆ,

ಹದಿನೇಳು ದಿನವಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಔಷಧದ ಹೊಸ ಬಾಟಲಿ ಮಾತ್ರ ಬಂತು. ಥರ್ಮಾಸಿನ ಜೊತೆ ಚೀಟಿ ಇದೆಯೇನೋ ಎಂದು ಮಹಮ್ಮದ್ ಹುಸೇನರ ಮುಂದೆಯೇ ಬರ್ಫನ್ನೆಲ್ಲ ಸುರಿದು ನೋಡಿದೆ. "ಅವ್ವಾರು ಏನೂ ಅನ್ಲಿಲ್ರಿ, ಮುಖ ಸಪ್ಪಗಿತ್ತು" ಎಂದರು.

ಹೊನ್ನಿ ಮೊದಲಿನಂತಿಲ್ಲ. ಅರ್ಧ ತಿನ್ನುತ್ತದೆ, ಅರ್ಧ ಬಿಡುತ್ತದೆ. ಬಣ್ಣ ಮತ್ತೆ ಹಳದಿಗೆ ತಿರುಗಿದೆ.

ನಾನು ಕೇಳಿದ್ದಕ್ಕೆ ಉತ್ತರ ಬರೆಯಲು ಆಗದಿದ್ದರೆ ಬೇಡ. ಬೇರೆ ಏನಾದರೂ ಬರೆ.

ವೆಂಕೋಬ


ರಾಯಚೂರು
30-8-1984

ಅಪ್ಪಾ,

ಹೌದು. ಏಳುತ್ತಿದ್ದಳು.

ಇಷ್ಟು ಬರೆಯಲು ಇಪ್ಪತ್ತೈದು ದಿನ ಹಿಡಿಯಿತು. ಇಲ್ಲ ಎಂದು ಬರೆದ ನಾಲ್ಕು ಕಾಗದ ಹರಿದು ಹಾಕಿದ್ದೇನೆ. ನೀನು ಸಮಾಧಾನ ಬೇಡ ಎಂದೆ, ಅದಕ್ಕೇ ನಿಜ ಬರೆಯುತ್ತೇನೆ. ಆದರೆ ಪೂರ್ತಿ ನಿಜ ಬರೆಯಬೇಕು, ನಿನ್ನ ಪಾಲಿನದಷ್ಟೇ ಅಲ್ಲ.

ಬೆವರು, ನಡುಕ, ಬಡಬಡಿಕೆ, ಸಿಹಿ ಬೇಡುವುದು. ಇದು ಸಕ್ಕರೆ ಏರಿದವರ ಲಕ್ಷಣ ಅಲ್ಲ ಅಪ್ಪಾ, ಇಳಿದವರದು. ಅವ್ವ ಸಕ್ಕರೆ ಏರಿ ಸಾಯಲಿಲ್ಲ. ನೀನು ತಪ್ಪಿಸಿದ ಸೂಜಿಯಿಂದ ಸಾಯಲಿಲ್ಲ. ಕೊಟ್ಟ ಸೂಜಿಯಿಂದ ಸತ್ತಳು. ಕೊಟ್ಟವಳು ನಾನು.

ಹಳೆಯ ಪಂಚಾಂಗ ಹುಡುಕಿಸಿ ನೋಡಿದೆ. ಆವತ್ತೂ ಶ್ರಾವಣ ಶನಿವಾರ. ಅವ್ವ ಹುಡುಗಿಯಾಗಿದ್ದಾಗಿನಿಂದ ಹಿಡಿದ ಒಪ್ಪತ್ತಿನ ವಾರ, ಸಂಜೆ ದೀಪ ಹಚ್ಚುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಸೂಜಿ ಶುರುವಾದ ಮೇಲೆ ಬಿಟ್ಟುಬಿಟ್ಟೆ ಎಂದು ನನ್ನ ತಲೆ ಮುಟ್ಟಿ ಹೇಳಿದ್ದಳು, ನಾನು ನಂಬಿದ್ದೆ. ಆ ಬೆಳಗ್ಗೆ ನನಗೆ ಉಪ್ಪಿಟ್ಟು ಬಡಿಸಿ, ತನಗೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂತಳು. "ಆರಲಿ, ತಿಂತೀನಿ. ನಿನಗ ಬಸ್ಸು ತಪ್ಪತದ, ಸೂಜಿ ಕೊಟ್ಟು ಹೋಗು" ಎಂದಳು. ನಾನು ತಟ್ಟೆ ನೋಡಿದೆ, ತಿಂದದ್ದನ್ನು ನೋಡಲಿಲ್ಲ. ಯಾವತ್ತೂ ನೀನು ತಪ್ಪಿಸುತ್ತೀಯೆಂಬ ಸಿಟ್ಟಿಗೆ ಪೂರ್ತಿ ಗೆರೆ ತುಂಬಿ ಕೊಟ್ಟೆ.

ವಾರ್ಡಿನಲ್ಲಿ "ಉಂಡೀರೇನು?" ಎಂದು ಕೇಳದೆ ನಾನು ಯಾವ ರೋಗಿಗೂ ಇನ್ಸುಲಿನ್ ಕೊಡುವುದಿಲ್ಲ. ನನ್ನ ಅವ್ವನನ್ನು ಕೇಳಲಿಲ್ಲ. ಮೂರನೇ ದಿನ, ನೆಂಟರೆಲ್ಲರ ಮುಂದೆ, ನಿನ್ನನ್ನು ಕೊಲೆಗಾರ ಎಂದೆ. ನೀನು ತಲೆ ಬಗ್ಗಿಸಿ ನಿಂತಿದ್ದೆ.

ರಜೆ ಸಿಕ್ಕಿದೆ, ಆದರೆ ನಾನು ಬರುವುದಿಲ್ಲ. ಯಾವ ಮುಖ ಹೊತ್ತು ಆ ಹೊಸ್ತಿಲು ದಾಟಲಿ?

ಶೇಖಮ್ಮ


ದೇವದುರ್ಗ
9-9-1984

ನನ್ನ ಮಗಳೇ,

ಹೊನ್ನಿ ಗುರುವಾರ ಮಧ್ಯಾಹ್ನ ತೀರಿತು. ಸೋಮವಾರದಿಂದ ಕಾರಜಿ ಮೂಸಿ ಕೂಡ ನೋಡಲಿಲ್ಲ. ಅದು ಉಣ್ಣದೆ ಸೂಜಿ ಕೊಡಲು ನನ್ನ ಕೈ ಏಳಲಿಲ್ಲ, ಸೂಜಿಯಿಲ್ಲದೆ ಅದಕ್ಕೆ ಉಳಿಗಾಲವಿರಲಿಲ್ಲ. ಎರಡರ ನಡುವೆ ಮೂರು ದಿನ ಅದನ್ನು ನೋಡುತ್ತಾ ಕೂತೆ. ನೀರು ಕುಡಿಯುತ್ತಿತ್ತು, ಕಕ್ಕುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಕೊನೆಗೆ ಮಡಕೆಯ ಬುಡದ ತಂಪಿಗೆ ಹೊಟ್ಟೆ ಒತ್ತಿಕೊಂಡು ಮಲಗಿ ಹೋಯಿತು. ಮುನ್ನೀ ಬೀ ತನ್ನ ಹಳೆಯ ಓಢಣಿ ತಂದು ಸುತ್ತಿದಳು. ಹಿತ್ತಲಲ್ಲಿ ಹೂತೆವು. ನೀನು ಬರುವವರೆಗೆ ಉಳಿಸಿಕೊಳ್ಳುತ್ತೇನೆ ಎಂದಿದ್ದೆ, ಆಗಲಿಲ್ಲ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ನೀನು ಬರೆದದ್ದು ನನಗೆ ಹೊಸದಲ್ಲ. ಬೆಕ್ಕು ಬಿದ್ದ ದಿನವೇ ಗೊತ್ತಾಯಿತು. ಸೂಜಿ ಬಿದ್ದು ಹೊಟ್ಟೆಗೆ ಬೀಳದಿದ್ದರೆ ಎಂದು ನೀನೇ ಬರೆದಿದ್ದೆ. ಆವತ್ತು ಸೂಜಿ ಯಾರು ಕೊಟ್ಟರು, ಯಾರು ಉಣ್ಣಲಿಲ್ಲ ಎಂದು ಕೂಡಿಸಿ ನೋಡುವಷ್ಟು ಬುದ್ಧಿ ಜವಾನನಿಗೂ ಇರುತ್ತದೆ. ನಿಮ್ಮವ್ವ ಒಪ್ಪತ್ತು ಇದ್ದದ್ದು ನನಗೆ ಗೊತ್ತಿತ್ತು. "ಆಕಿಗಿ ಹೇಳಬ್ಯಾಡ, ಬೈತಾಳ" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ನೀನು ಬಸ್ಸಿಗೆ ಹೊರಟ ಮೇಲೆ ಆ ತಟ್ಟೆಯ ಉಪ್ಪಿಟ್ಟನ್ನು ಹೊನ್ನಿಗೆ ಹಾಕಿದಳು. ನಾನು ಅಲ್ಲೇ ನಿಂತು ನೋಡಿ ನಕ್ಕು, ಧ್ವಜ ಏರಿಸಲು ಹೋದೆ. ಮಗಳ ಕಣ್ಣು ತಪ್ಪಿಸಿದೆವೆಂದು ಗಂಡ ಹೆಂಡತಿ ಇಬ್ಬರಿಗೂ ಖುಷಿ.

ಇದೆಲ್ಲ ನಿನಗೆ ತಿಳಿಯಬಾರದೆಂದೇ ಬೆಲ್ಲದ ಮಾತೊಂದನ್ನೇ ಕೇಳಿದ್ದು. ಹೌದು ಎಂದು ಬರೆದು ಸುಮ್ಮನಾಗುತ್ತೀಯ, ಪೂರ್ತಿ ನನ್ನ ಹೆಗಲಿಗೇ ಇರುತ್ತದೆ ಎಂದುಕೊಂಡೆ. ಬರೆಯದೆ ಇದ್ದುಬಿಡಬೇಕಿತ್ತು. ಅಷ್ಟು ಗಟ್ಟಿ ಮನಸ್ಸು ನನಗೆ ಎಂದೂ ಇರಲಿಲ್ಲ. ಈಗ ನಿನ್ನ ನೆಮ್ಮದಿಯನ್ನೂ ಕೆಡಿಸಿದೆ.

ಮೂರು ವರ್ಷ ನೀನು ನನ್ನನ್ನು ಬೈದೆ. ಆ ಬೈಗುಳದಲ್ಲಿ ನಿನಗಾದರೂ ಒಂದು ಆಸರೆ ಇತ್ತು. ಈಗ ಬೈಯುವುದಕ್ಕೆ ನಮಗಿಬ್ಬರಿಗೂ ಯಾರೂ ಉಳಿದಿಲ್ಲ. ನೋಡಿ ಹೋಗಲು ಬೆಕ್ಕೂ ಇಲ್ಲ. ಕಾರಣ ಏನೂ ಇಲ್ಲದೆ ಬರುವುದಾದರೆ ಬಾ.

ಶನಿವಾರ ನಿಲ್ದಾಣದಲ್ಲಿ ನಿಂತಿರುತ್ತೇನೆ. ನೀನು ಇಳಿಯದಿದ್ದರೆ ಮುಂದಿನ ಶನಿವಾರವೂ ನಿಲ್ಲುತ್ತೇನೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಇಬ್ಬರೂ ಕೂತು ಅಳೋಣ. ನಾನು ಒಬ್ಬನೇ ಅತ್ತು ಸಾಕಾಗಿದೆ.

ನಿನ್ನ ಅಪ್ಪ
ವೆಂಕೋಬ